ಎರೆಮಣ್ಣಿಗೂ ಒಬ್ಬ ಮಾಸ್ತರ ಬೇಕು



ಎಂಜಿನಿಯರ್ ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಅಣೆಕಟ್ಟು, ಸೇತುವೆ, ಬಹುಮಹಡಿ ಕಟ್ಟಡ. ಪ್ರತಿವರ್ಷ ಸೆಪ್ಟೆಂಬರ್ 15ರಂದು ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಮಾಲೆ ಹಾಕಿ, ನೆಲದ ಮೇಲೆ ಎದ್ದು ನಿಂತ ಕಟ್ಟಡಗಳನ್ನು ಕೊಂಡಾಡುತ್ತೇವೆ. ಆದರೆ ಎಂಜಿನಿಯರಿಂಗ್ ವಿದ್ಯೆಯಲ್ಲಿ ಒಂದು ಶಾಖೆಯಿದೆ. ಅದರ ಸಾಧನೆಯೆಲ್ಲವೂ ನೆಲದ ಕೆಳಗೆ ಹೂತುಹೋಗಿರುತ್ತದೆ. ಅದೇ ಮಣ್ಣಿನ ಯಂತ್ರಶಾಸ್ತ್ರ. ಈ ಶಾಖೆಯವರು ಒಳ್ಳೆಯ ಕೆಲಸ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ; ಗೋಡೆ ಬಿರಿಯುವುದಿಲ್ಲ, ಕಾಲುವೆ ಕುಸಿಯುವುದಿಲ್ಲ, ಅಷ್ಟೆ. ಆಗದೆ ಹೋದ ಅನಾಹುತಕ್ಕೆ ಮಾಲೆ ಹಾಕುವವರು ಯಾರು?

ಇನ್ನು ಈ ವಿದ್ಯೆಯನ್ನು ಕಾಲೇಜಿನಲ್ಲಿ ಬೋಧಿಸುತ್ತ, ಪ್ರಯೋಗಶಾಲೆಯಲ್ಲಿ ಜೀವಮಾನ ಕಳೆಯುವ ಪ್ರಾಧ್ಯಾಪಕನಂತೂ ಇನ್ನೂ ಅಜ್ಞಾತ. ಅಂತಹ ಒಬ್ಬ ಮಣ್ಣಿನ ಮಾಸ್ತರನ ವೃತ್ತಿಜೀವನಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬುದೇ ಈ ಬರಹದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರಶ್ನೆಯನ್ನು ಹೊಲದಿಂದ ಎತ್ತಿಕೊಂಡು ಹೋಗಿ, ಉತ್ತರವನ್ನು ಹೊಲಕ್ಕೇ ಮರಳಿ ತಂದುಕೊಟ್ಟವನು ನಿಜವಾದ ವಿದ್ವಾಂಸ ಎಂಜಿನಿಯರ್. ಅಂತಹ ಮಾಸ್ತರರು ನಮ್ಮ ಎರೆಸೀಮೆಗೆ ಅತ್ಯಗತ್ಯವಾಗಿ ಬೇಕಾಗಿದ್ದಾರೆ. ಅವರು ನಮ್ಮ ಮನೆಗಳಿಂದಲೇ ಹುಟ್ಟಿಬರಬೇಕು.

ನಮ್ಮ ಶಹಾಪುರ, ಸುರಪುರ ಸೀಮೆಯ ಎರೆಭೂಮಿಯ ಸ್ವಭಾವವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಾಯಿ ಬಿಡುವ ಇದೇ ನೆಲ, ನಾಲ್ಕು ದೊಡ್ಡ ಮಳೆ ಬಿದ್ದರೆ ಉಬ್ಬಿ ಬಿರುಕನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಕಾಲಿಗೆ ಅಂಟಿದರೆ ಚಪ್ಪಲಿ ಬಿಟ್ಟು ನಡೆಯಬೇಕು. ನೀರನ್ನು ಹಿಡಿದಿಟ್ಟುಕೊಳ್ಳುವ ಗುಣ ಇದಕ್ಕಿರುವುದರಿಂದಲೇ ಮುಂಗಾರು ಹೋದ ಮೇಲೂ ಬಿಳಿಜೋಳ ಬೆಳೆಯುತ್ತದೆ, ಕಡಲೆ ಬೆಳೆಯುತ್ತದೆ. ರೈತನಿಗೆ ತಾಯಿಯಾದ ಈ ಮಣ್ಣು, ಮನೆ ಕಟ್ಟುವವನಿಗೆ ಮಾತ್ರ ಮಲತಾಯಿ. ಎರಡಕ್ಕೂ ಕಾರಣ ಒಂದೇ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳವಾಗಿದೆ. ಇದರ ಕಣಗಳು ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಇರುತ್ತವೆ. ನೀರು ಸಿಕ್ಕಾಗ ಅದು ಹಾಳೆಗಳ ನಡುವೆ ಸೇರಿ ಅವುಗಳನ್ನು ದೂರ ತಳ್ಳುತ್ತದೆ. ಒಣಗಿದಾಗ ಹಾಳೆಗಳು ಮತ್ತೆ ಹತ್ತಿರವಾಗುತ್ತವೆ. ಹೀಗೆ ತಳ್ಳುವಾಗ ಉಂಟಾಗುವ ಒತ್ತಡ ಒಂದು ಚದರ ಮೀಟರಿಗೆ 30 ಟನ್ನಿನಷ್ಟೂ ಇರಬಹುದು. ಒಂದಂತಸ್ತಿನ ಮನೆಯ ಭಾರ ಅದರ ಮುಂದೆ ಯಾವ ಲೆಕ್ಕ?

ಮೂರು ದಶಕಗಳ ಸೇವೆಯಲ್ಲಿ ನಾನು ಕಂಡ ಶಾಲಾ ಕೊಠಡಿಗಳಲ್ಲಿ ಬಿರುಕಿಲ್ಲದವು ಕಡಿಮೆ. ಒಂದು ಊರಿನಲ್ಲಿ ಹೊಸದಾಗಿ ಕಟ್ಟಿದ ಎರಡು ಕೊಠಡಿಗಳ ಮೂಲೆಯಲ್ಲಿ ಎರಡನೆಯ ಮಳೆಗಾಲದ ಹೊತ್ತಿಗೆ ಮೆಟ್ಟಿಲಿನಾಕಾರದ ಬಿರುಕು ಮೂಡಿತು. ಬೇಸಿಗೆಯಲ್ಲಿ ಅದಕ್ಕೆ ಸಿಮೆಂಟು ತುಂಬಿದರು. ಮರುವರ್ಷ ಅದರ ಪಕ್ಕದಲ್ಲಿಯೇ ಇನ್ನೊಂದು ಮೂಡಿತು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚದಾಯಿತು. ಕೊನೆಗೆ ಆ ಕೊಠಡಿಗಳಿಗೆ ಬೀಗ ಜಡಿದು, ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿ ಪಾಠ ಮಾಡಿದೆವು. ಗುತ್ತಿಗೆದಾರ ಸಿಮೆಂಟು ನುಂಗಿದನೆಂದು ಊರೆಲ್ಲ ಮಾತಾಡಿಕೊಂಡಿತು. ನುಂಗಿದ್ದನೋ ಇಲ್ಲವೋ, ನಾನು ನೋಡಿಲ್ಲ. ಆದರೆ ಬುನಾದಿ ತೋಡುವ ಮುನ್ನ ಆ ಮಣ್ಣನ್ನು ಯಾರೂ ಪರೀಕ್ಷಿಸಿರಲಿಲ್ಲ ಎಂಬುದನ್ನು ಮಾತ್ರ ಕಣ್ಣಾರೆ ನೋಡಿದ್ದೇನೆ. ಬೇರೆ ಯಾವುದೋ ಸೀಮೆಯ ಗಟ್ಟಿ ನೆಲಕ್ಕೆ ಬರೆದ ನಕ್ಷೆಯನ್ನು ಎರೆಯ ಮೇಲೆ ಇಟ್ಟು ಕಟ್ಟಿದರೆ ಪೂರ್ತಿ ಸಿಮೆಂಟು ಹಾಕಿದರೂ ಗೋಡೆ ನಿಲ್ಲುವುದು ಕಷ್ಟ.

ನಮ್ಮ ಹಿರಿಯರಿಗೆ ಇದು ತಿಳಿಯದ ವಿಷಯವೇನಲ್ಲ. ‘ಗರಸು ಹತ್ತುವವರೆಗೂ ಪಾಯ ತೋಡು’ ಎಂದು ಅವರು ಹೇಳುತ್ತಿದ್ದರು. ಎರೆಯ ಪದರ ಮುಗಿದು ಗಟ್ಟಿಯಾದ ಗರಸು ಸಿಕ್ಕ ಮೇಲೆಯೇ ಕಲ್ಲು ಕೂರಿಸುತ್ತಿದ್ದರು. ಊರುಗಳನ್ನು ಕೂಡ ಆದಷ್ಟು ಮಟ್ಟಿಗೆ ದಿಬ್ಬದ ಮೇಲೆ, ಮಸಾರಿ ನೆಲದಲ್ಲಿ ಕಟ್ಟಿ, ಎರೆಯನ್ನು ಬಿತ್ತನೆಗೆ ಬಿಡುತ್ತಿದ್ದರು. ಅನುಭವದಿಂದ ಬಂದ ಈ ತಿಳಿವಳಿಕೆಗೆ ನಾನು ಕೈಮುಗಿಯುತ್ತೇನೆ. ಆದರೆ ಗರಸು 20 ಅಡಿ ಆಳದಲ್ಲಿದ್ದರೆ ಬಡವ ಏನು ಮಾಡಬೇಕು? ಎಪ್ಪತ್ತು ಎಂಬತ್ತು ಕಿಲೋಮೀಟರ್ ಉದ್ದದ ಕಾಲುವೆಗೆ ಗರಸಿನವರೆಗೆ ತೋಡಲಾದೀತೇ? ಈ ಪ್ರಶ್ನೆಗಳಿಗೆ ಅನುಭವವೊಂದೇ ಉತ್ತರ ಕೊಡಲಾರದು. ಅಳತೆ ಬೇಕು, ಪ್ರಯೋಗ ಬೇಕು. ಮಾಸ್ತರನ ಕೆಲಸ ಆರಂಭವಾಗುವುದು ಇಲ್ಲಿಂದ.

ಈ ವಿದ್ಯೆಯ ಹುಟ್ಟೇ ಒಬ್ಬ ಮಾಸ್ತರನ ಕೈಯಿಂದ ಆದದ್ದು ಎಂಬುದು ನಮ್ಮಂತಹವರಿಗೆ ಹೆಮ್ಮೆಯ ಸಂಗತಿ. 1883ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಕಾರ್ಲ್ ಟರ್ಝಾಗಿ ಮೊದಲು ಕಟ್ಟಡ, ಅಣೆಕಟ್ಟುಗಳ ಕೆಲಸದಲ್ಲಿ ದೇಶ ದೇಶ ಸುತ್ತಿದವರು. ಮಣ್ಣಿನ ಮೇಲೆ ನಿಂತ ಕಟ್ಟಡಗಳು ಏಕೆ ಕುಸಿಯುತ್ತವೆ ಎಂದು ಕೇಳಿದರೆ ಅಂದಿನ ಎಂಜಿನಿಯರರ ಬಳಿ ತೃಪ್ತಿಕರ ಉತ್ತರವಿರಲಿಲ್ಲ. 1916ರಲ್ಲಿ ಅವರು ಇಸ್ತಾಂಬುಲ್‌ಗೆ ಅಧ್ಯಾಪಕರಾಗಿ ಹೋದರು; ಮುಂದೆ ಅಲ್ಲಿನ ರಾಬರ್ಟ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಸಿಗಾರ್ ಪೆಟ್ಟಿಗೆಯಂತಹ ಕೈಗೆ ಸಿಕ್ಕ ಸಾಮಾನುಗಳಿಂದಲೇ ಉಪಕರಣ ಮಾಡಿಕೊಂಡು ಜೇಡಿಮಣ್ಣನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಮಣ್ಣಿನ ಮೇಲೆ ಹೇರಿದ ಭಾರವನ್ನು ಮೊದಲು ಕಣಗಳ ನಡುವಿನ ನೀರು ಹೊರುತ್ತದೆ, ನೀರು ನಿಧಾನವಾಗಿ ಜಾರಿಹೋದಂತೆ ಭಾರ ಕಣಗಳಿಗೆ ವರ್ಗವಾಗುತ್ತದೆ ಎಂಬ ತತ್ತ್ವ ಅವರಿಗೆ ಹೊಳೆದದ್ದು ಅಲ್ಲಿಯೇ. 1925ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಈ ಶಾಸ್ತ್ರಕ್ಕೆ ತಳಪಾಯ ಬಿತ್ತು. 1936ರಲ್ಲಿ ಹಾರ್ವರ್ಡ್‌ನಲ್ಲಿ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. 1948ರಲ್ಲಿ ನಮ್ಮ ದೇಶದಲ್ಲಿಯೂ ಇದಕ್ಕೊಂದು ರಾಷ್ಟ್ರೀಯ ಸಂಘ ಹುಟ್ಟಿತು. ಅದೇ ಇಂದಿನ ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿ. ದೊಡ್ಡ ಪ್ರಯೋಗಶಾಲೆ ಇಲ್ಲವೆಂದು ಕೈಕಟ್ಟಿ ಕೂತಿದ್ದರೆ ಟರ್ಝಾಗಿ ಟರ್ಝಾಗಿಯಾಗುತ್ತಿರಲಿಲ್ಲ.

ಆದರೆ ಪರದೇಶದ ಜೇಡಿಮಣ್ಣಿಗೆ ಒಪ್ಪಿದ ಸೂತ್ರಗಳೆಲ್ಲ ನಮ್ಮ ಎರೆಮಣ್ಣಿಗೆ ಹಾಗೆಯೇ ಒಪ್ಪುವುದಿಲ್ಲ. ಇದಕ್ಕೆ ಇಲ್ಲಿಯವರೇ ತಲೆ ಕೆಡಿಸಿಕೊಳ್ಳಬೇಕಾಯಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ದಿನೇಶ್ ಮೋಹನ್ ಮತ್ತು ಸಂಗಡಿಗರು 1950ರ ದಶಕದಿಂದಲೇ ಎರೆಮಣ್ಣಿನ ಕಟ್ಟಡಗಳಿಗಾಗಿ ಬುಡದಲ್ಲಿ ಗಡಿಗೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳ ವಿಧಾನವನ್ನು ರೂಪಿಸಿದರು. ಮೇಲಿನ ಮಣ್ಣು ಉಬ್ಬಲಿ ಕುಗ್ಗಲಿ, ಕಂಬ ಮಾತ್ರ ಆಳದ ಸ್ಥಿರ ಪದರದಲ್ಲಿ ಕಚ್ಚಿಕೊಂಡಿರುತ್ತದೆ. ಕಟ್ಟಡಕ್ಕೇನೋ ಇದು ಸರಿ. ಕಾಲುವೆಯ ಗತಿ?

ಇಲ್ಲಿ ನಾನು ಮುಖ್ಯವಾಗಿ ನೆನೆಯಬೇಕೆಂದಿರುವವರು ಪ್ರೊ. ಆರ್. ಕೆ. ಕಟ್ಟಿಯವರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಡೇವಿಡ್‌ಸನ್ ಎಂಬ ಪ್ರಾಧ್ಯಾಪಕರ ತಂಡದಲ್ಲಿದ್ದು, ಮಣ್ಣಿಗೆ ಸಿಮೆಂಟು, ಹಾರುಬೂದಿ ಬೆರೆಸಿ ರಸ್ತೆಯ ತಳವನ್ನು ಗಟ್ಟಿಮಾಡುವ ವಿಧಾನಗಳನ್ನು ಅವರು ಅಭ್ಯಾಸ ಮಾಡಿದರು. ನಂತರ ಸ್ವದೇಶಕ್ಕೆ ಮರಳಿ, ಪವಾಯಿಯಲ್ಲಿ ಆಗತಾನೆ ತಲೆಯೆತ್ತಿದ್ದ ಮುಂಬಯಿ ಐಐಟಿಯಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಅವರು ಹಿಡಿದದ್ದು ಎರೆಮಣ್ಣಿನ ಬೆನ್ನು. ಹಿಡಿದದ್ದನ್ನು ದಶಕಗಳ ಕಾಲ ಬಿಡಲಿಲ್ಲ.

ಅವರ ಕೆಲಸದ ತಿರುಳನ್ನು ನಿಮಗೆ ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ. ಎರೆಮಣ್ಣು ಉಬ್ಬುವ ಒತ್ತಡ ಚದರ ಮೀಟರಿಗೆ 30 ಟನ್ ಎಂದಿಟ್ಟುಕೊಳ್ಳೋಣ. ಅದನ್ನು ಅದುಮಿಡಬೇಕಾದರೆ ಮೇಲೆ ಅಷ್ಟೇ ಭಾರ ಇರಬೇಕು ಎಂದು ಲೆಕ್ಕ ಹೇಳುತ್ತದೆ. ಒಂದು ಮೀಟರ್ ದಪ್ಪದ ಮಣ್ಣಿನ ಪದರ ಚದರ ಮೀಟರಿಗೆ ಸುಮಾರು 2 ಟನ್ ತೂಗುತ್ತದೆ. ಅಂದರೆ 15 ಮೀಟರ್ ಆಳದವರೆಗೂ ಎರೆ ಉಬ್ಬುತ್ತಿರಬೇಕು. ಆದರೆ ನೆಲದಲ್ಲಿ ಹಾಗೆ ಕಾಣುವುದಿಲ್ಲ. ಮೇಲಿನ ಒಂದು ಒಂದೂವರೆ ಮೀಟರಿನಲ್ಲಿ ಕುಣಿಯುವ ಎರೆ, ಅದರ ಕೆಳಗೆ ನೀರು ಕುಡಿದರೂ ಹೆಚ್ಚುಕಡಿಮೆ ಸುಮ್ಮನಿರುತ್ತದೆ. 2 ಟನ್ ಭಾರ 30 ಟನ್ ಒತ್ತಡವನ್ನು ಹಿಡಿದಿಟ್ಟದ್ದು ಹೇಗೆ? ನಾವು ನೀವು ಬಾವಿ ತೋಡುವಾಗ ಈ ಆಳದ ಮಣ್ಣನ್ನು ನೂರು ಸಲ ನೋಡಿದ್ದೇವೆ. ಈ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಕಟ್ಟಿಯವರು ಕೇಳಿಕೊಂಡರು.

ಪ್ರಯೋಗಶಾಲೆಯಲ್ಲಿ ದೊಡ್ಡ ತೊಟ್ಟಿಗಳಲ್ಲಿ ಮಣ್ಣು ತುಂಬಿ, ನೀರು ಕುಡಿಸಿ, ಆಳದಿಂದ ಆಳಕ್ಕೆ ಅಳತೆ ಮಾಡಿ ಅವರು ಕಂಡುಕೊಂಡ ಉತ್ತರವಿದು: ಮೇಲಿನ ಪದರದ ತೂಕವೊಂದೇ ಅಲ್ಲ, ಅದರ ಅಂಟುಗುಣವೂ ಕೆಳಗಿನ ಎರೆಯನ್ನು ಹಿಡಿದಿಡುತ್ತದೆ. ಹಾಗಿದ್ದರೆ ಮೇಲಿನ ಚಂಚಲವಾದ ಎರೆಯನ್ನು ತೆಗೆದು, ಅಂಟುಗುಣವಿದ್ದೂ ಉಬ್ಬದಂತಹ ಬೇರೆ ಮಣ್ಣನ್ನು, ಅಂದರೆ ನಮ್ಮ ಕಡೆಯ ಒಳ್ಳೆಯ ಗರಸಿನಂತಹ ಮಣ್ಣನ್ನು, ತೇವ ಕೊಟ್ಟು ಪದರ ಪದರವಾಗಿ ಕುಟ್ಟಿ ಕೂರಿಸಿದರೆ ಕೆಳಗಿನ ಎರೆ ಸುಮ್ಮನಿರುತ್ತದೆ. ಬರೀ ಮರಳು ಹಾಕಿದರೆ ಸಾಲದು. ಮರಳಿಗೆ ಅಂಟಿಲ್ಲ, ಮೇಲಾಗಿ ಅದು ನೀರನ್ನು ಸಲೀಸಾಗಿ ಕೆಳಕ್ಕೆ ಬಿಡುತ್ತದೆ. ಎಂಜಿನಿಯರರು ಇಂದಿಗೂ ‘ಸಿಎನ್‌ಎಸ್’ ಎಂದು ಕರೆಯುವ ವಿಧಾನ ಇದೇ. ‘ಅಂಟಿದ್ದು ಉಬ್ಬದ ಮಣ್ಣು’ ಎಂಬುದು ಅದರ ಅರ್ಥ.

ಈ ಉತ್ತರ ಕಾಗದದಲ್ಲಿ ಉಳಿಯಲಿಲ್ಲ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಬಲದಂಡೆಯ ಕಾಲುವೆಯನ್ನು ಎರೆಭೂಮಿಯ ಮೂಲಕ ಒಯ್ಯುವಾಗ, ಉಬ್ಬುವ ಮಣ್ಣು ಕಾಲುವೆಯ ಒಳಹೊದಿಕೆಗೂ ಏರಿಗಳಿಗೂ ಶತ್ರುವಾಗಿ ನಿಂತಿತ್ತು. ಕಟ್ಟಿಯವರ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು ಅಲ್ಲಿ, ನಮ್ಮ ಕರ್ನಾಟಕದ ನೆಲದಲ್ಲಿ. 1978ರಲ್ಲಿ ಜಿಯೋಟೆಕ್ನಿಕಲ್ ಸೊಸೈಟಿ ವಾರ್ಷಿಕ ಉಪನ್ಯಾಸಮಾಲೆಯನ್ನು ಆರಂಭಿಸಿದಾಗ ಮೊಟ್ಟಮೊದಲ ಉಪನ್ಯಾಸದ ಗೌರವ ಅವರಿಗೇ ಸಂದಿತು. ಎರೆಮಣ್ಣಿನ ಸಮಸ್ಯೆಗಳಿಗೆ ಪರಿಹಾರದ ಹುಡುಕಾಟವೇ ಅದರ ವಿಷಯ. ಮುಂದೆ ಭಾರತೀಯ ಮಾನಕ ಸಂಸ್ಥೆ, ಉಬ್ಬುವ ಮಣ್ಣಿನಲ್ಲಿ ಕಾಲುವೆಗೆ ಒಳಹೊದಿಕೆ ಹಾಕುವ ಬಗೆಗಿನ ತನ್ನ 9451ನೆಯ ಮಾನಕದಲ್ಲಿ ಈ ವಿಧಾನವನ್ನೇ ಅಳವಡಿಸಿಕೊಂಡಿತು. ಉಬ್ಬುವ ಒತ್ತಡ ಹೆಚ್ಚಿದಂತೆ ಗರಸಿನ ಪದರವೂ ದಪ್ಪವಾಗಬೇಕು, ದೊಡ್ಡ ಕಾಲುವೆಗಳಲ್ಲಿ ಅದು ಒಂದು ಮೀಟರಿನಷ್ಟಿರಬೇಕಾಗುತ್ತದೆ ಎಂದು ಅದು ಹೇಳುತ್ತದೆ. ಒಬ್ಬ ಪ್ರಾಧ್ಯಾಪಕನ ತೊಟ್ಟಿಯಲ್ಲಿ ಮೂಡಿದ ಅಳತೆ, ಇಂದು ಅವರ ಹೆಸರನ್ನೇ ಕೇಳದ ಕಿರಿಯ ಎಂಜಿನಿಯರನ ಅಂದಾಜುಪಟ್ಟಿಯಲ್ಲಿ ಒಂದು ಸಾಲಾಗಿ ಕೂತಿದೆ. ಮಾಸ್ತರನಿಗೆ ಇದಕ್ಕಿಂತ ಹಿರಿದಾದ ಪ್ರಶಸ್ತಿ ಯಾವುದಿದೆ?

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕೆ. ಎಸ್. ಸುಬ್ಬರಾವ್ ಅವರು ಇದೇ ಎರೆಮಣ್ಣನ್ನು ಒಂದು ಸಲವಲ್ಲ, ಹಲವು ಸಲ ತೋಯಿಸಿ ಒಣಗಿಸಿ ನೋಡಿದರು. ಅದೇ ಸೊಸೈಟಿಯ ವಾರ್ಷಿಕ ಉಪನ್ಯಾಸವಾಗಿ 2000ದಲ್ಲಿ ಪ್ರಕಟವಾದ ಅವರ ಬರಹದ ಸಾರಾಂಶ ಹೀಗಿದೆ: ಗರಸಿನ ಮೇಲ್ಪದರ ಮೊದಲ ಸಲದ ಉಬ್ಬುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ತೋಯುವುದು ಒಣಗುವುದು ಮರುಕಳಿಸಿದಂತೆಲ್ಲ ಅದರ ಹಿಡಿತ ಸಡಿಲಗೊಳ್ಳುತ್ತದೆ. ಸದಾ ತೇವವಿರುವ ಕಾಲುವೆಯ ಮಾತು ಬೇರೆ, ವರ್ಷಕ್ಕೊಮ್ಮೆ ಒಣಗಿ ಬಿರಿಯುವ ಮನೆಯಂಗಳದ ಮಾತು ಬೇರೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ಆಮೇಲೆ ಕಾಕಿನಾಡದಲ್ಲಿ ಎ. ಶ್ರೀರಾಮರಾವ್ ಮತ್ತು ಸಂಗಡಿಗರು ಗರಸಿನ ಬದಲು, ಸುಣ್ಣ ಬೆರೆಸಿದ ಹಾರುಬೂದಿಯ ಪದರವನ್ನು ಪರೀಕ್ಷಿಸಲು ತೊಡಗಿದರು. ನಮ್ಮ ನೆರೆಯ ಶಕ್ತಿನಗರದಲ್ಲಿ ರಾಯಚೂರು ಉಷ್ಣವಿದ್ಯುತ್ ಕೇಂದ್ರದ ಬೂದಿ ಗುಡ್ಡವಾಗಿ ಬಿದ್ದಿರುವುದನ್ನು ನೋಡಿದವರಿಗೆ ಇದರ ಮಹತ್ವ ಹೊಳೆಯದೆ ಇರದು. ಗರಸಿಗಾಗಿ ನಾವು ಗುಡ್ಡಗಳನ್ನು ಅಗೆದು ಹಾಳುಮಾಡುತ್ತಿರುವುದನ್ನೂ ಇದರೊಂದಿಗೆ ನೆನೆಯಿರಿ.

ಮುಂಬಯಿಯ ಮಾಸ್ತರ ಹೇಳಿದ್ದನ್ನು ಬೆಂಗಳೂರಿನ ಮಾಸ್ತರ ಪ್ರಶ್ನಿಸಿದರು, ಕಾಕಿನಾಡದವರು ಇನ್ನೊಂದು ದಾರಿ ಹುಡುಕಿದರು. ಇದರಿಂದ ಕಟ್ಟಿಯವರ ಕೀರ್ತಿ ಕುಂದಿತೆಂದು ನಾನು ತಿಳಿಯುವುದಿಲ್ಲ. ಮುಂದಿನವರು ತಿದ್ದುವಷ್ಟು ಗಟ್ಟಿಯಾದ ಮಾತನ್ನು ಹೇಳಿಹೋಗುವುದೇ ವಿದ್ವಾಂಸನ ಸಾರ್ಥಕತೆ. ಇಂದು ಪ್ರಾಧ್ಯಾಪಕರನ್ನು ಅಳೆಯುವ ಕೋಲು ಬೇರೆಯಾಗಿದೆ. ಎಷ್ಟು ಪ್ರಬಂಧ ಪ್ರಕಟವಾದವು, ಅವುಗಳನ್ನು ಎಷ್ಟು ಜನ ಉಲ್ಲೇಖಿಸಿದರು ಎಂದು ಎಣಿಸಿ ಬಡ್ತಿ ಕೊಡುತ್ತಾರೆ. ಎಣಿಕೆ ಬೇಡವೆಂದು ನಾನು ಹೇಳಲಾರೆ. ನಾನೂ ಅಂಕ ಕೊಟ್ಟೇ ಬದುಕಿದವನು. ಆದರೆ ಪ್ರಬಂಧದ ಮಣ್ಣು ಯಾವ ಊರಿನದು, ಅದರಿಂದ ಆ ಊರಿಗೆ ಏನು ತಿರುಗಿ ಬಂತು ಎಂಬ ಪ್ರಶ್ನೆಗೂ ಅಂಕಪಟ್ಟಿಯಲ್ಲಿ ಒಂದು ಕಲಮು ಇರಬೇಕು.

ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬ ಫೋನು ಮಾಡಿದ್ದ. “ಸರ್, ಮಗಳಿಗೆ ಕಲಬುರಗಿಯೊಳಗ ಸಿವಿಲ್ ಸೀಟು ಸಿಕ್ಕದರಿ. ಮಣ್ಣು ಹೊರಾಕ ಇಷ್ಟು ಓದಬೇಕೇನು ಅಂತ ಮಂದಿ ನಗ್ತಾರ್ರಿ. ಕಂಪ್ಯೂಟರ್‌ಗೆ ಹಾಕೋಣಂತೀನಿ. ನೀವೇನಂತೀರಿ?” ಎಂದ. “ಮೊದಲು ಆಕೀನ ಕೇಳೀದಿ ಏನಪಾ?” ಎಂದೆ. ಕೇಳಿರಲಿಲ್ಲ. ಹುಡುಗಿ ಹಟ ಹಿಡಿದಿದ್ದದ್ದು ಸಿವಿಲ್‌ಗೇ ಎಂದು ಆಮೇಲೆ ತಿಳಿಯಿತು. ಏನು ಮಾಡಬೇಕೆಂಬುದು ಆ ಮನೆಯವರಿಗೆ ಬಿಟ್ಟದ್ದು. ಆದರೆ ‘ಮಣ್ಣು ಹೊರುವುದು’ ಎಂಬ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಬೇಸಾಯದಿಂದ ಬಂದ ನಾವೇ ಮಣ್ಣನ್ನು ಅವಮಾನದ ಮಾತನ್ನಾಗಿ ಬಳಸುವುದೆಂದರೆ!

ಸಂಬಳದ ಪ್ರಶ್ನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಕಂಪ್ಯೂಟರ್ ಓದಿದ ಹುಡುಗ ನಾಲ್ಕು ವರ್ಷಕ್ಕೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಅಪ್ಪನ ಸಾಲ ತೀರಿಸಬಲ್ಲ. ಮಣ್ಣಿನ ಶಾಸ್ತ್ರದಲ್ಲಿ ಅಧ್ಯಾಪಕರಾಗಬೇಕಾದರೆ ಬಿಇ ಮುಗಿಸಿ, ಗೇಟ್ ಪರೀಕ್ಷೆ ಬರೆದು, ಎಂಟೆಕ್, ಪಿಎಚ್‌ಡಿ ಎಂದು ಇನ್ನೂ ಆರೇಳು ವರ್ಷ ಸವೆಸಬೇಕು. ಅಷ್ಟು ಕಾಲ ಕಾಯುವ ಚೈತನ್ಯ ಎಲ್ಲ ಮನೆಗಳಿಗೂ ಇರುವುದಿಲ್ಲ. ಇಲ್ಲದ ಮನೆಯವರಿಗೆ ನಾನು ಉಪದೇಶ ಮಾಡಲಾರೆ. ಆದರೆ ನಿಮ್ಮಲ್ಲಿ ಈಗ ಅನುಕೂಲವಾಗಿರುವವರು ಹಲವರಿದ್ದೀರಿ. ನಿಮ್ಮ ಮಗ ಅಥವಾ ಮಗಳಿಗೆ ಈ ಕಡೆ ಒಲವಿದ್ದರೆ ದಯವಿಟ್ಟು ಅಡ್ಡ ಬರಬೇಡಿ. ಗೇಟ್‌ನಲ್ಲಿ ತೇರ್ಗಡೆಯಾದವರಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ಸುರತ್ಕಲ್ಲಿನ ಎನ್‌ಐಟಿಯಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ, ಐಐಟಿಗಳಲ್ಲಿ ಈ ವಿದ್ಯೆಗೆ ಒಳ್ಳೆಯ ಗುರುಗಳಿದ್ದಾರೆ. ಹೆಣ್ಣುಮಕ್ಕಳು ಬಿಸಿಲಲ್ಲಿ ನಿಂತು ಮಣ್ಣಿನ ಕೆಲಸ ಮಾಡಲಾರರು ಎನ್ನುವವರು ನಮ್ಮ ಹೊಲಗಳಲ್ಲಿ ಹತ್ತಿ ಬಿಡಿಸುವವರು ಯಾರೆಂದು ಒಮ್ಮೆ ನೋಡಿ ಬರಲಿ.

ನಮ್ಮವರೇ ಏಕೆ ಬೇಕು, ಹೊರಗಿನ ಪಂಡಿತರು ಬಂದು ಮಾಡಿಹೋಗಬಾರದೇ ಎಂದು ನೀವು ಕೇಳಬಹುದು. ಮಾಡಬಹುದು, ಮಾಡಿದ್ದಾರೆ ಕೂಡ. ಆದರೆ ಮಣ್ಣು ಒಂದು ಸಲ ನೋಡಿ ಹೋದರೆ ಮುಗಿಯುವ ರೋಗಿಯಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರ ಅಣೆಕಟ್ಟು ಸಿದ್ಧವಾಯಿತು. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ನೆಲವನ್ನು ಬದಲಿಸಿತು. ಜೋಳ ಕಂಡ ಹೊಲಗಳು ಭತ್ತ ಕಂಡವು. ಆ ಕಾಲುವೆಯ ವಿಸ್ತರಣೆ, ನವೀಕರಣಗಳ ಯೋಜನೆಯನ್ನು 2023ರ ಜನವರಿ 19ರಂದು ನಮ್ಮ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. 10,000 ಕ್ಯೂಸೆಕ್ ಸಾಮರ್ಥ್ಯದ ಈ ಕಾಲುವೆಯಿಂದ ನಾಲ್ಕೂವರೆ ಲಕ್ಷ ಹೆಕ್ಟೇರ್ ನೆಲಕ್ಕೆ ನೀರು ಎಂಬುದು ಅಂದು ಹೇಳಿದ ಲೆಕ್ಕ. ಇಷ್ಟು ನೆಲ, ಇಷ್ಟು ನೀರು! ಆದರೆ ಎಲ್ಲೋ ಒಂದು ಕಡೆ ಏರಿ ಕುಸಿದರೆ ಕೊನೆಯ ಹೊಲದ ರೈತನಿಗೆ ಆ ವರ್ಷ ನೀರಿಲ್ಲ. ಮಳೆಗೊಮ್ಮೆ ಬೇಸಿಗೆಗೊಮ್ಮೆ, ಹತ್ತು ಇಪ್ಪತ್ತು ವರ್ಷ ಅದೇ ಏರಿಯ ಅದೇ ಜಾಗದ ಮಣ್ಣನ್ನು ನೋಡುತ್ತ ಲೆಕ್ಕ ಬರೆದಿಡುವವರು ಬೇಕು. ಗುತ್ತಿಗೆದಾರ ಕೆಲಸ ಮುಗಿಸಿ ಹೋಗುತ್ತಾನೆ, ಅಧಿಕಾರಿಗೆ ವರ್ಗವಾಗುತ್ತದೆ. ವರ್ಷ ವರ್ಷ ಹೊಸ ವಿದ್ಯಾರ್ಥಿಗಳನ್ನು ಕರೆದುಕೊಂಡು ಅದೇ ಜಾಗಕ್ಕೆ ಹೋಗಬಲ್ಲವನು ಹತ್ತಿರದ ಕಾಲೇಜಿನ ಮಾಸ್ತರ ಮಾತ್ರ.

ಕಲಬುರಗಿಯಲ್ಲಿ 1958ರಿಂದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜಿದೆ. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದ ಕಡೆ ಶೇ. 8ರಷ್ಟು ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾಗಿವೆ. ಸೀಟಿಗಾಗಿ ಹೋರಾಡಿ ಗೆದ್ದ ನಾವು, ಆ ಸೀಟಿನಲ್ಲಿ ಕೂತು ಏನು ಓದಬೇಕೆಂಬುದನ್ನು ಮಾತ್ರ ಯೋಚಿಸಿದಂತಿಲ್ಲ. ಯಾದಗಿರಿ ಜಿಲ್ಲೆಯ ಎರೆಯ ಬಗ್ಗೆ ಪಿಎಚ್‌ಡಿ ಮಾಡಲು ದೋರನಹಳ್ಳಿಯ ಹುಡುಗಿಗಿಂತ ಯೋಗ್ಯರು ಯಾರಿದ್ದಾರೆ? ಈ ಮಣ್ಣು ಎಂದು ಉಬ್ಬುತ್ತದೆ, ಎಂದು ಬಿರಿಯುತ್ತದೆ ಎಂಬ ಅರ್ಧ ಪಾಠ ಆಕೆಗೆ ಮನೆಯಲ್ಲಿಯೇ ಆಗಿರುತ್ತದೆ.

ನೀವು ಇಂದೇ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಹೇಳುತ್ತೇನೆ. ನಿಮ್ಮಲ್ಲಿ ವಿಜ್ಞಾನ ಶಿಕ್ಷಕರಾದವರು ವಿಶೇಷವಾಗಿ ಗಮನಿಸಿ. ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯಲು ಭಾರತೀಯ ಮಾನಕದಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಒಣಗಿಸಿ, ಪುಡಿಮಾಡಿ, ನುಣ್ಣಗೆ ಜರಡಿ ಹಿಡಿದ ಮಣ್ಣನ್ನು 10 ಗ್ರಾಮಿನಂತೆ ಎರಡು ಪಾಲು ಮಾಡಿ. 100 ಮಿಲಿಲೀಟರಿನ ಎರಡು ಅಳತೆಜಾಡಿಗಳಲ್ಲಿ ಹಾಕಿ. ಒಂದಕ್ಕೆ ಬಟ್ಟಿಯಿಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಳಿಗುಳ್ಳೆಗಳು ಹೋಗುವಂತೆ ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವನ್ನು ಸೀಮೆಎಣ್ಣೆಯಲ್ಲಿದ್ದ ಗಾತ್ರದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ಬರುತ್ತದೆ. 50ಕ್ಕಿಂತ ಕಡಿಮೆಯಿದ್ದರೆ ಚಿಂತೆ ಕಡಿಮೆ. 100 ದಾಟಿದರೆ ಅಪಾಯ. 200 ದಾಟಿದರೆ ತೀವ್ರ ಅಪಾಯ. ಇದು ಮೊದಲ ಸುಳಿವು ಮಾತ್ರ. ಇಷ್ಟರಿಂದಲೇ ಬುನಾದಿಯ ನಕ್ಷೆ ಬರೆಯಲಾಗದು. ಆದರೆ ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಹೊಲದ, ಹಿತ್ತಲಿನ ಮಣ್ಣು ತಂದು ಈ ಪ್ರಯೋಗ ಮಾಡಿದರೆ ಒಂದೇ ವರ್ಷದಲ್ಲಿ ಊರಿನ ಮಣ್ಣಿನ ನಕ್ಷೆಯೊಂದು ಶಾಲೆಯ ಗೋಡೆಯ ಮೇಲೆ ತೂಗಾಡೀತು. ಅಷ್ಟೂ ಮಕ್ಕಳಲ್ಲಿ ಒಬ್ಬರಿಗೆ ಮಣ್ಣಿನ ಗೀಳು ಹಿಡಿದರೆ ಸಾಕು.

ಇನ್ನು ಪಂಚಾಯಿತಿ ಸದಸ್ಯರಾದ, ಗುತ್ತಿಗೆದಾರರಾದ, ಶಾಲಾಭಿವೃದ್ಧಿ ಸಮಿತಿಯಲ್ಲಿರುವ ನನ್ನ ಶಿಷ್ಯರಿಗೆ ಒಂದು ಮಾತು. ನಿಮ್ಮೂರಿಗೆ ಶಾಲಾ ಕೊಠಡಿ, ಅಂಗನವಾಡಿ, ನೀರಿನ ತೊಟ್ಟಿ ಮಂಜೂರಾದಾಗ ಭೂಮಿಪೂಜೆಗೆ ಮುನ್ನ ಮಣ್ಣುಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಿರಿ. ವರದಿಯನ್ನು ಊರವರ ಮುಂದೆ ಓದಿಸಿರಿ. ಪರೀಕ್ಷೆಗೆ ತಗಲುವ ಖರ್ಚು ಕಟ್ಟಡದ ಖರ್ಚಿನ ಮುಂದೆ ಅತ್ಯಲ್ಪ. ಬೀಗ ಜಡಿದ ಕೊಠಡಿಯ ಖರ್ಚನ್ನು ಮಾತ್ರ ಯಾವ ಅಂದಾಜುಪಟ್ಟಿಯೂ ತೋರಿಸುವುದಿಲ್ಲ. ಅದನ್ನು ಬಿಸಿಲಲ್ಲಿ ಕೂತ ಮಕ್ಕಳು ಕಟ್ಟುತ್ತಾರೆ.

ಕಟ್ಟಿಯವರಂತಹವರ ಜೀವನದಿಂದ ನಾನು ಕಲಿತದ್ದು ಇಷ್ಟೇ: ಎಲ್ಲರೂ ದಿನವೂ ತುಳಿಯುವ ವಸ್ತುವಿನಲ್ಲಿಯೂ ಒಬ್ಬ ಮನುಷ್ಯನ ಇಡೀ ಬದುಕಿಗೆ ಸಾಕಾಗುವಷ್ಟು ಪ್ರಶ್ನೆಗಳಿವೆ. ನಮ್ಮ ಎರೆಗೆ ಇನ್ನೂ ಎಷ್ಟೋ ಪ್ರಶ್ನೆಗಳು ಬಾಕಿ ಇವೆ. ಅವುಗಳನ್ನು ಕೇಳುವ ಮಗುವೊಂದು ನಿಮ್ಮ ಮನೆಯಲ್ಲಿದ್ದರೆ ಅದನ್ನು ನಗಬೇಡಿ, ಓದಿಸಿ.

ಎಲ್ಲರಿಗೂ ಶುಭವಾಗಲಿ.